ಹಿಮಪ್ರದೇಶದ ಸಮತಟ್ಟು ಛಾವಣಿ: ಬದಲಿಸುವ ಕಾಲ ಮತ್ತು ಬರೆಯುವ ಲೆಕ್ಕ

ಕಟ್ಟಡವನ್ನು ಲೆಕ್ಕಪುಸ್ತಕದಲ್ಲಿ ಒಂದೇ ಸಾಲಿನಲ್ಲಿ, ಒಂದೇ ಮೊತ್ತವಾಗಿ ಬರೆದಿಡುವುದು ವರ್ತಕರಲ್ಲಿ ಬಹುಕಾಲದಿಂದ ಬಂದ ರೂಢಿ. ಅಡಿಪಾಯ, ಗೋಡೆ, ನೆಲ, ಛಾವಣಿ ಎಲ್ಲವೂ ಆ ಒಂದು ಸಾಲಿನೊಳಗೆ ಅಡಗಿರುತ್ತವೆ. ಆದರೆ ಇವೆಲ್ಲಕ್ಕೂ ಒಂದೇ ಆಯುಷ್ಯವಿಲ್ಲ. ಗೋಡೆ ಎರಡು ತಲೆಮಾರು ನಿಲ್ಲಬಹುದು. ಅದೇ ಕಟ್ಟಡದ ಸಮತಟ್ಟು ಛಾವಣಿಯ ಹೊದಿಕೆ ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ತನ್ನ ಕೆಲಸ ಮುಗಿಸುತ್ತದೆ. ಹಿಮ ಬೀಳುವ ನಾಡಿನಲ್ಲಿ ಈ ಅಂತರವು ಕೇವಲ ಲೆಕ್ಕದ ಸೂಕ್ಷ್ಮವಾಗಿ ಉಳಿಯುವುದಿಲ್ಲ. ಕಟ್ಟಡದ ಸುರಕ್ಷತೆ, ಬಾಡಿಗೆದಾರರ ಸರಕು, ಬ್ಯಾಂಕಿನ ಸಾಲ, ತೆರಿಗೆಯ ಹೊರೆ ಎಲ್ಲವನ್ನೂ ಅದು ತಟ್ಟುತ್ತದೆ.

ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರ ಭಾಗದಲ್ಲಿ, ಮುಖ್ಯವಾಗಿ ಮಹಾ ಸರೋವರಗಳ ದಂಡೆಯ ಊರುಗಳಲ್ಲಿ, ಈ ಪ್ರಶ್ನೆ ಪ್ರತಿ ಚಳಿಗಾಲವೂ ಎದುರಾಗುತ್ತದೆ. ಅಲ್ಲಿ ನೆಲೆಸಿರುವ ಮಕ್ಕಳ ಅಥವಾ ಬಂಧುಗಳ ಅಂಗಡಿ, ಗೋದಾಮು, ಸಣ್ಣ ಕಾರ್ಖಾನೆಗಳಲ್ಲಿ ಹಣ ತೊಡಗಿಸಿರುವ ಸದಸ್ಯರಿಗೆ ಈ ವಿಷಯ ನೇರವಾಗಿ ಸಂಬಂಧಿಸಿದ್ದು. ಉಳಿದವರಿಗೂ ಇದರಲ್ಲಿರುವ ಲೆಕ್ಕಶಾಸ್ತ್ರದ ಪ್ರಶ್ನೆ ಅಪರಿಚಿತವಲ್ಲ: ದುರಸ್ತಿ ಎಲ್ಲಿ ಮುಗಿಯುತ್ತದೆ, ಹೊಸ ಆಸ್ತಿ ಎಲ್ಲಿ ಆರಂಭವಾಗುತ್ತದೆ?

ಹಿಮದ ನಾಡಿನಲ್ಲಿ ಸಮತಟ್ಟು ಛಾವಣಿ ಏಕೆ?

ಮಲೆನಾಡಿನ ಹೆಂಚಿನ ಮನೆಗಳ ಕಡಿದಾದ ಮಾಡನ್ನು ಕಂಡವರಿಗೆ ಈ ಸಂದೇಹ ಸಹಜ. ಮಳೆಯ ನೀರನ್ನೇ ಇಳಿಜಾರಿನಲ್ಲಿ ಹರಿಸುವಾಗ ಹಿಮವನ್ನು ತಲೆಯ ಮೇಲೆ ಹೊತ್ತುಕೊಳ್ಳುವುದೇಕೆ? ಉತ್ತರ ಕಟ್ಟಡದ ಅಗಲದಲ್ಲಿದೆ. ನೂರಿನ್ನೂರು ಅಡಿ ಅಗಲದ ಗೋದಾಮಿಗೆ ಕಡಿದಾದ ಮಾಡು ಕಟ್ಟಿದರೆ ನಡುವಿನ ಎತ್ತರವೂ ಖರ್ಚೂ ಮಿತಿ ಮೀರುತ್ತವೆ. ಕಡಿದಾದ ಮಾಡಿನಿಂದ ಜಾರುವ ಹಿಮ ಪಾದಚಾರಿಗಳ ಮೇಲೆ, ನಿಲ್ಲಿಸಿದ ವಾಹನಗಳ ಮೇಲೆ ರಾಶಿಯಾಗಿ ಬೀಳುತ್ತದೆ. ಮೇಲಾಗಿ ಕಟ್ಟಡವನ್ನು ಬಿಸಿಯಾಗಿಡುವ, ತಂಪಾಗಿಡುವ ಯಂತ್ರಗಳನ್ನು ಇಡಲು ಸಮತಟ್ಟು ಜಾಗ ಬೇಕು.

ಸಮತಟ್ಟು ಎಂದರೂ ಅದು ಪೂರ್ಣ ಸಮತಟ್ಟಲ್ಲ. ಹೊಸ ಛಾವಣಿಗಳಿಗೆ ಅಡಿಗೆ ಕಾಲು ಅಂಗುಲದಷ್ಟು, ಅಂದರೆ ಸುಮಾರು ಶೇಕಡ 2ರಷ್ಟು, ಇಳಿಜಾರು ಕೊಡುವುದು ಅಲ್ಲಿನ ಕಟ್ಟಡ ನಿಯಮಗಳ ಸಾಮಾನ್ಯ ಕಟ್ಟಳೆ. ನೀರು ಛಾವಣಿಯ ನಡುವಿನ ಬಾಯಿಗಳ ಮೂಲಕ ಕಟ್ಟಡದೊಳಗಿನ ಕೊಳವೆಗಳಲ್ಲಿ ಇಳಿಯುತ್ತದೆ. ಕೊಳವೆಯನ್ನು ಒಳಗೆ ಇಡುವುದಕ್ಕೆ ಕಾರಣವಿದೆ: ಹೊರಗೋಡೆಯ ಕೊಳವೆ ಚಳಿಗೆ ಹೆಪ್ಪುಗಟ್ಟುತ್ತದೆ, ಒಳಗಿನದು ಕಟ್ಟಡದ ಬಿಸಿಯಿಂದ ತೆರೆದೇ ಇರುತ್ತದೆ. ಹಳೆಯ ಕಟ್ಟಡಗಳಲ್ಲಿ ತೊಲೆಗಳು ಕಾಲಕ್ರಮೇಣ ಬಾಗಿ ಈ ಅಲ್ಪ ಇಳಿಜಾರೂ ಅಳಿದಿರುತ್ತದೆ. ಆಗ ನೀರು ಬಾಯಿಯ ಬಳಿಗೆ ಹೋಗದೆ ನಡುವೆ ಕೆರೆಯಂತೆ ನಿಲ್ಲುತ್ತದೆ. ಮಳೆ ನಿಂತು ಎರಡು ದಿನಗಳಾದರೂ ಆರದ ನೀರಿನ ಮಡು ಕಂಡರೆ ಕಾರಣ ಹುಡುಕತಕ್ಕದ್ದು.

ಹೊದಿಕೆಯ ಬಗೆಗಳು

ತಳದಲ್ಲಿ ಉಕ್ಕಿನ ಸುಕ್ಕು ತಗಡು ಅಥವಾ ಕಾಂಕ್ರೀಟು, ಅದರ ಮೇಲೆ ಶಾಖ ತಡೆಯುವ ಹಲಗೆಗಳು, ಎಲ್ಲಕ್ಕಿಂತ ಮೇಲೆ ನೀರು ತಡೆಯುವ ಹೊದಿಕೆ: ಛಾವಣಿಯ ರಚನೆ ಸ್ಥೂಲವಾಗಿ ಇಷ್ಟೇ. ಹಳೆಯ ಪದ್ಧತಿಯಲ್ಲಿ ಫೆಲ್ಟ್ ಹಾಳೆಗಳನ್ನು ಬಿಸಿ ಡಾಂಬರಿನಿಂದ ಪದರ ಪದರವಾಗಿ ಅಂಟಿಸಿ ಮೇಲೆ ಜಲ್ಲಿ ಹರಡುತ್ತಿದ್ದರು. 1970ರ ದಶಕದಿಂದೀಚೆಗೆ ಇಪಿಡಿಎಂ ಎಂಬ ಕಪ್ಪು ರಬ್ಬರಿನ ಹಾಳೆ ವ್ಯಾಪಕವಾಯಿತು. ಬಿಸಿಗಾಳಿಯಿಂದ ಬೆಸೆಯುವ ಪಿವಿಸಿ ಹಾಗೂ ಟಿಪಿಒ ಎಂಬ ಬಿಳಿಯ ಪ್ಲಾಸ್ಟಿಕ್ ಹಾಳೆಗಳೂ ಈಗ ಬಳಕೆಯಲ್ಲಿವೆ. ಟಿಪಿಒ 1990ರ ದಶಕದಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಾಗ ಅದರ ಮೊದಲ ಸೂತ್ರಗಳಲ್ಲಿ ದೋಷ ಕಂಡುಬಂದು ತಯಾರಕರು ಅವನ್ನು ಬದಲಿಸಬೇಕಾಯಿತು.

ಬಿಳಿಯ ಹಾಳೆಯು ಬಿಸಿಲನ್ನು ಹಿಂದಿರುಗಿಸಿ ವಿದ್ಯುತ್ ಉಳಿಸುತ್ತದೆಂಬ ಮಾತು ಬಿಸಿ ಪ್ರದೇಶಗಳಲ್ಲಿ ನಿಜ. ವರ್ಷದಲ್ಲಿ ಹಲವು ತಿಂಗಳು ಕಟ್ಟಡವನ್ನು ಬಿಸಿ ಮಾಡಬೇಕಾದ ಊರಿನಲ್ಲಿ ಆ ಒಂದೇ ಕಾರಣಕ್ಕೆ ಹೆಚ್ಚು ಹಣ ಕೊಡುವುದು ವಿವೇಕವಲ್ಲ. ಹಾಳೆಯ ಆಯ್ಕೆಯಲ್ಲಿ ಒಳಗೆ ನಡೆಯುವ ವ್ಯಾಪಾರವನ್ನು ಮೊದಲು ನೋಡಬೇಕು. ಉಪಾಹಾರಗೃಹದ ಹೊಗೆಕೊಳವೆಯಿಂದ ಬೀಳುವ ಎಣ್ಣೆ ಜಿಡ್ಡು ಇಪಿಡಿಎಂ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ. ಅಂಥಲ್ಲಿ ಪಿವಿಸಿ ಮೇಲು. ಯಾವ ಬಗೆಯೇ ಆಗಲಿ, ಸೋರುವುದು ಬಯಲಾದ ನಡುಭಾಗದಲ್ಲಿ ಕಡಿಮೆ. ಹಾಳೆಗಳು ಕೂಡುವ ಹೊಲಿಗೆ, ಗೋಡೆಗೆ ತಾಗುವ ಅಂಚುಪಟ್ಟಿ, ಯಂತ್ರದ ಕಟ್ಟೆ, ಕೊಳವೆಯ ಸುತ್ತು, ಇವೇ ದುರ್ಬಲ ಸ್ಥಾನಗಳು.

ಕಾಣದ ನೀರು, ಕಾಣುವ ಭಾರ

ಸೋರಿಕೆ ಒಳಗೆ ಕಂಡಾಗ ಛಾವಣಿ ಹಾಳಾಗಲು ಆರಂಭವಾಯಿತೆಂದು ಮಾಲೀಕರು ತಿಳಿಯುತ್ತಾರೆ. ವಾಸ್ತವದಲ್ಲಿ ಅದು ಹಲವು ವರ್ಷಗಳಿಂದ ಹಾಳಾಗುತ್ತಿದ್ದು, ಈಗ ಮಾತ್ರ ಕಣ್ಣಿಗೆ ಬಿದ್ದಿರುವ ಸಂಭವವೇ ಹೆಚ್ಚು. ಹೊದಿಕೆಯ ಸಣ್ಣ ಬಿರುಕಿನಿಂದ ಇಳಿದ ನೀರನ್ನು ಕೆಳಗಿನ ಶಾಖನಿರೋಧಕ ಹಲಗೆಗಳು ಮೊದಲು ಹೀರಿಕೊಳ್ಳುತ್ತವೆ. ಅವು ತುಂಬಿದ ಮೇಲೆಯೇ ನೀರು ಒಳಗೆ ತೊಟ್ಟಿಕ್ಕುವುದು. ಹನಿ ಬಿದ್ದ ಸ್ಥಳಕ್ಕೂ ಬಿರುಕಿಗೂ ಎಷ್ಟೋ ಅಡಿ ದೂರವಿರಬಹುದು. ಒದ್ದೆಯಾದ ಹಲಗೆ ಶಾಖವನ್ನು ತಡೆಯುವುದಿಲ್ಲ. ಇಂಧನದ ಬಿಲ್ಲು ಏರುತ್ತದೆ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಒಂದೇ ಚಳಿಗಾಲದಲ್ಲಿ ಹೆಪ್ಪುಗಟ್ಟುವುದು, ಕರಗುವುದು ಹಲವು ಬಾರಿ ನಡೆದು ಬಿರುಕು ಅಗಲವಾಗುತ್ತದೆ. ಕೆಳಗಿನ ಉಕ್ಕಿನ ತಗಡು ತುಕ್ಕು ಹಿಡಿಯುತ್ತದೆ.

ಎಲ್ಲ ಹನಿಯೂ ಸೋರಿಕೆಯಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಬಟ್ಟೆ ಒಗೆಯುವ ಘಟಕ, ಆಹಾರ ತಯಾರಿಕಾ ಘಟಕಗಳಂಥ ಕಡೆ ಒಳಗಿನ ತೇವದ ಗಾಳಿ ಮೇಲೇರಿ ತಣ್ಣನೆಯ ತಗಡಿಗೆ ತಾಗಿ ನೀರಾಗುತ್ತದೆ. ಕೊರೆಯುವ ಚಳಿಯಲ್ಲಿ, ಮಳೆ ಇಲ್ಲದಾಗಲೂ ಹನಿ ಬೀಳುತ್ತಿದ್ದರೆ ಮೊದಲು ಈ ಸಂದೇಹ ಪರಿಹರಿಸಿಕೊಳ್ಳಬೇಕು. ಆವಿತಡೆಯ ಪದರವಿಲ್ಲದ ಕಟ್ಟಡಕ್ಕೆ ಹೊಸ ಹೊದಿಕೆ ಹಾಸಿದರೆ ಹನಿ ನಿಲ್ಲುವುದಿಲ್ಲ, ಹಣ ಮಾತ್ರ ಹೋಗುತ್ತದೆ.

ಇನ್ನು ಭಾರದ ಮಾತು. ಹೊಸದಾಗಿ ಬಿದ್ದ ಹಗುರ ಹಿಮ ಘನ ಮೀಟರಿಗೆ 100 ಕಿಲೋಗ್ರಾಂ ಅಥವಾ ಅದಕ್ಕೂ ಕಡಿಮೆ ತೂಗುತ್ತದೆ. ದಿನಗಟ್ಟಲೆ ಕುಳಿತು, ನೀರು ಹೀರಿದ ಹಿಮ 400 ಕಿಲೋಗ್ರಾಂ ತೂಗಬಹುದು. 100 ಅಡಿ ಉದ್ದ, 100 ಅಡಿ ಅಗಲದ, ಅಂದರೆ ಸುಮಾರು 929 ಚದರ ಮೀಟರಿನ ಛಾವಣಿಯ ಮೇಲೆ ಒಂದು ಅಡಿ ಹಗುರ ಹಿಮ ಬಿದ್ದರೆ ತೂಕ ಸುಮಾರು 28 ಟನ್. ಅಷ್ಟೇ ಎತ್ತರದ ಒದ್ದೆ ಹಿಮವಾದರೆ ಸುಮಾರು 110 ಟನ್. ಹತ್ತು ಟನ್ ಹೊತ್ತ ಹನ್ನೊಂದು ಲಾರಿಗಳನ್ನು ಮಾಳಿಗೆಯ ಮೇಲೆ ನಿಲ್ಲಿಸಿದಂತೆ. ಕೆಳಗಿನಿಂದ ನೋಡುವವರಿಗೆ ಎರಡೂ ಒಂದು ಅಡಿ ಹಿಮವೇ. ಮಂಜುಗಡ್ಡೆಯಂತೂ ಒಂದು ಅಂಗುಲವಿದ್ದರೆ ಒಂದು ಅಡಿ ಹಗುರ ಹಿಮಕ್ಕೆ ಹತ್ತಿರದ ತೂಕ.

ನ್ಯೂಯಾರ್ಕ್ ರಾಜ್ಯದ ಬಫಲೋ ನಗರವು ಈರಿ ಸರೋವರದ ಪೂರ್ವ ತುದಿಯಲ್ಲಿದೆ. ಶೀತಗಾಳಿ ಇನ್ನೂ ಹೆಪ್ಪುಗಟ್ಟದ ಸರೋವರವನ್ನು ದಾಟುವಾಗ ತೇವ ಹೀರಿ, ದಡ ಸೇರಿದೊಡನೆ ಕಿರಿದಾದ ಪಟ್ಟಿಯಲ್ಲಿ ಹಿಮ ಸುರಿಸುತ್ತದೆ. 2014ರ ನವೆಂಬರಿನಲ್ಲಿ ನಗರದ ದಕ್ಷಿಣದ ಬಡಾವಣೆಗಳಲ್ಲಿ ಕೆಲವೇ ದಿನಗಳಲ್ಲಿ 5 ಅಡಿಗೂ ಮೀರಿ ಹಿಮ ಬಿದ್ದಿತು. 2022ರ ನವೆಂಬರಿನಲ್ಲಿ ಪಕ್ಕದ ಆರ್ಚರ್ಡ್ ಪಾರ್ಕಿನಲ್ಲಿ ಸುಮಾರು 80 ಅಂಗುಲ ದಾಖಲಾಯಿತು. ಇಂಥ ಹಿಮದ ಮೇಲೆ ಮಳೆ ಬಿದ್ದಾಗ ಅಪಾಯ ಇಮ್ಮಡಿಸುತ್ತದೆ. ಹಿಮ ನೀರನ್ನು ಹಿಡಿದಿಡುತ್ತದೆ, ನೀರಿಳಿಯುವ ಬಾಯಿಗಳು ಮಂಜುಗಡ್ಡೆಯಿಂದ ಮುಚ್ಚಿರುತ್ತವೆ.

ಪೋಲೆಂಡಿನ ಕಾಟೊವಿತ್ಸೆಯಲ್ಲಿ 2006ರ ಜನವರಿ 28ರಂದು ನಡೆದ ಘಟನೆ ವರ್ತಕ ಸಮುದಾಯ ನೆನಪಿಡಬೇಕಾದದ್ದು. ಅಂತರರಾಷ್ಟ್ರೀಯ ವಾಣಿಜ್ಯ ಮೇಳದ ಸಭಾಂಗಣದಲ್ಲಿ ಪಾರಿವಾಳಗಳ ಪ್ರದರ್ಶನ ನಡೆಯುತ್ತಿದ್ದಾಗ ಸಮತಟ್ಟು ಛಾವಣಿ ಕುಸಿದು 65 ಜನ ಮೃತಪಟ್ಟರು. ವಿನ್ಯಾಸದ ದೋಷವಿತ್ತು, ಛಾವಣಿಯ ಮೇಲಿನ ಹಿಮ ಮತ್ತು ಮಂಜುಗಡ್ಡೆಯನ್ನು ತೆಗೆಯದೆ ಬಿಟ್ಟದ್ದೂ ಅಷ್ಟೇ ಕಾರಣವಾಯಿತು. ಅದಕ್ಕೂ ಎಂಬತ್ತನಾಲ್ಕು ವರ್ಷ ಹಿಂದೆ, 1922ರ ಜನವರಿ 28ರಂದೇ, ವಾಷಿಂಗ್ಟನ್ ನಗರದ ನಿಕರ್‌ಬಾಕರ್ ಚಿತ್ರಮಂದಿರದ ಸಮತಟ್ಟು ಛಾವಣಿ ಹಿಮದ ಭಾರಕ್ಕೆ ಕುಸಿದು 98 ಜನ ಸತ್ತಿದ್ದರು. ದಿನಾಂಕಗಳ ಹೊಂದಿಕೆ ಕಾಕತಾಳೀಯ. ಕಾರಣಗಳ ಹೊಂದಿಕೆ ಹಾಗಲ್ಲ.

ಹಿಮ ತೆಗೆಯುವುದಕ್ಕೂ ಕ್ರಮವಿದೆ. ಒಂದೇ ಮಗ್ಗುಲಿನಿಂದ ಪೂರ್ತಿ ತೆಗೆದರೆ ಭಾರ ಏರುಪೇರಾಗಿ ತೊಲೆಗಳಿಗೆ ಕೇಡು. ಎಲ್ಲ ಕಡೆಯೂ ಸ್ವಲ್ಪ ಸ್ವಲ್ಪವಾಗಿ, ಹೊದಿಕೆಗೆ ಸಲಿಕೆ ತಾಗದಂತೆ ಕೆಲವು ಅಂಗುಲ ಬಿಟ್ಟು ತೆಗೆಯಬೇಕು. ತೆಗೆದ ಹಿಮವನ್ನು ಛಾವಣಿಯ ಮೇಲೆಯೇ ಒಂದೆಡೆ ರಾಶಿ ಹಾಕುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಬಾಗಿಲುಗಳು ಸಿಕ್ಕಿಕೊಳ್ಳುವುದು, ಮೇಲೆ ಕಟಕಟ ಸದ್ದು, ಗೋಡೆಯಲ್ಲಿ ಹೊಸ ಬಿರುಕು, ತೊಲೆ ಬಾಗಿದ ಗುರುತು ಕಂಡರೆ ಮೇಲೆ ಜನರನ್ನು ಹತ್ತಿಸದೆ, ಒಳಗಿರುವವರನ್ನು ಮೊದಲು ಹೊರಗೆ ಕಳಿಸತಕ್ಕದ್ದು.

ತೇಪೆ, ಮೇಲುಹೊದಿಕೆ, ಪೂರ್ಣ ಬದಲಾವಣೆ

ಹಳೆಯ ಛಾವಣಿಯ ಮಾಲೀಕನ ಮುಂದೆ ಮೂರು ದಾರಿಗಳಿವೆ. ಮೊದಲನೆಯದು ಸೋರಿದಲ್ಲಿ ತೇಪೆ ಹಾಕುತ್ತ ಹೋಗುವುದು. ಎರಡನೆಯದು ಹಳೆಯದನ್ನು ಕೀಳದೆ ಅದರ ಮೇಲೆ ಇನ್ನೊಂದು ಹೊದಿಕೆ ಹಾಸುವುದು. ಮೂರನೆಯದು ಎಲ್ಲವನ್ನೂ ತಗಡಿನವರೆಗೆ ಕಿತ್ತು ಹೊಸದಾಗಿ ಮಾಡುವುದು. ಗುತ್ತಿಗೆದಾರರ ದರಪಟ್ಟಿಗಳಲ್ಲಿ ಎರಡನೆಯದು ಆಕರ್ಷಕವಾಗಿ ಕಾಣುತ್ತದೆ. ಕೀಳುವ ಕೂಲಿಯಿಲ್ಲ, ಕಸ ಸಾಗಿಸುವ ಖರ್ಚಿಲ್ಲ, ಕೆಲಸದ ನಡುವೆ ಮಳೆ ಬಂದರೂ ಒಳಗಿನ ಸರಕಿಗೆ ಭಯ ಕಡಿಮೆ.

ಆದರೆ ಈ ದಾರಿ ಎಲ್ಲರಿಗೂ ತೆರೆದಿಲ್ಲ. ಅಮೆರಿಕದ ಬಹುತೇಕ ರಾಜ್ಯಗಳು ಆಧಾರವಾಗಿ ಇಟ್ಟುಕೊಂಡಿರುವ ಅಂತರರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ, ಹಳೆಯ ಹೊದಿಕೆ ನೀರು ಕುಡಿದಿದ್ದರೆ, ಅಥವಾ ಈಗಾಗಲೇ ಎರಡು ಹೊದಿಕೆಗಳಿದ್ದರೆ, ಅದರ ಮೇಲೆ ಮತ್ತೊಂದನ್ನು ಹಾಸುವಂತಿಲ್ಲ. ಮೂವತ್ತು ನಲವತ್ತು ವರ್ಷಗಳ ಕಟ್ಟಡದಲ್ಲಿ ಹಿಂದಿನ ಮಾಲೀಕರು ಆಗಲೇ ಒಮ್ಮೆ ಮೇಲುಹೊದಿಕೆ ಹಾಸಿ ಹೋಗಿರುವುದು ಸಾಮಾನ್ಯ. ಅವರು ಅಂದು ಉಳಿಸಿದ ಹಣವನ್ನು ಎರಡು ಪದರ ಕೀಳುವ ಇಂದಿನ ಮಾಲೀಕ ತೆರುತ್ತಾನೆ. ಹಳೆಯ ಫೆಲ್ಟ್ ಮತ್ತು ಅಂಟುಗಳಲ್ಲಿ ಕಲ್ನಾರು ಇರುವ ಸಾಧ್ಯತೆಯೂ ಇರುವುದರಿಂದ ಕೀಳುವ ಮೊದಲು ಅದರ ಪರೀಕ್ಷೆ ಅಗತ್ಯ.

ಆದುದರಿಂದ ದರಪಟ್ಟಿ ಕೇಳುವ ಮೊದಲು ತೇವದ ಪರೀಕ್ಷೆ ಮಾಡಿಸುವುದು ಉಚಿತ. ಬಿಸಿಲಿನ ದಿನದ ಸಂಜೆ ಅವಕೆಂಪು ಕ್ಯಾಮರಾದಿಂದ ನೋಡಿದಾಗ ಒದ್ದೆ ಹಲಗೆಗಳಿರುವ ಭಾಗ ಬಿಸಿಯನ್ನು ಹಿಡಿದಿಟ್ಟು ಬೇರೆಯಾಗಿ ಕಾಣುತ್ತದೆ. ಆ ಗುರುತುಗಳಲ್ಲಿ ಛಾವಣಿಯನ್ನು ಸಣ್ಣದಾಗಿ ಕತ್ತರಿಸಿ ತೆಗೆದು ಕಣ್ಣಾರೆ ಖಚಿತಪಡಿಸಿಕೊಳ್ಳಬೇಕು. ಪದರಗಳು ಎಷ್ಟಿವೆ ಎಂಬುದೂ ಆಗಲೇ ತಿಳಿಯುತ್ತದೆ. ಹಿಮ ಮುಚ್ಚಿದಾಗ ಈ ಪರೀಕ್ಷೆ ಸಾಧ್ಯವಿಲ್ಲ. ಪರೀಕ್ಷೆಯ ವರದಿಯನ್ನು ಛಾವಣಿ ಮಾರುವ ಗುತ್ತಿಗೆದಾರನಿಂದಲ್ಲದೆ ಸ್ವತಂತ್ರ ಸಲಹೆಗಾರರಿಂದ ಪಡೆದರೆ, ಲೆಕ್ಕಪರಿಶೋಧನೆಯಲ್ಲಿ ಹೇಗೋ ಹಾಗೆ, ಅದಕ್ಕೆ ಬೆಲೆ ಹೆಚ್ಚು. ಒದ್ದೆ ಭಾಗ ಅಲ್ಪವಾಗಿದ್ದು ಪದರ ಒಂದೇ ಇದ್ದರೆ, ಆ ಭಾಗವನ್ನಷ್ಟೇ ಕಿತ್ತು ತುಂಬಿ ಮೇಲುಹೊದಿಕೆ ಹಾಸಬಹುದು. ಒದ್ದೆ ಎಲ್ಲೆಡೆ ಹರಡಿದ್ದರೆ ಪೂರ್ಣ ಬದಲಾವಣೆಯ ಹೊರತು ಮಾರ್ಗವಿಲ್ಲ.

ಪೂರ್ಣ ಬದಲಾವಣೆಯಲ್ಲಿ ಒಂದು ವಿಷಯ ಬಹುಮಂದಿಯ ಗಮನಕ್ಕೆ ಬರುವುದಿಲ್ಲ. ಎಲ್ಲವನ್ನೂ ಕಿತ್ತಾಗ ಶಾಖನಿರೋಧಕವನ್ನು ಇಂದಿನ ಇಂಧನ ನಿಯಮದ ಮಟ್ಟಕ್ಕೆ ಏರಿಸಬೇಕಾಗುತ್ತದೆ. ಚಳಿ ಪ್ರದೇಶಗಳಲ್ಲಿ ಅದು ಆರ್-30 ಅಥವಾ ಅದಕ್ಕೂ ಮೇಲೆ. ಸಾಮಾನ್ಯವಾಗಿ ಬಳಸುವ ಪಾಲಿಐಸೊ ಹಲಗೆಯಲ್ಲಿ ಐದು ಅಂಗುಲಕ್ಕೂ ಮಿಗಿಲಾದ ದಪ್ಪ. ಹಳೆಯದರಲ್ಲಿ ಒಂದೆರಡು ಅಂಗುಲವಷ್ಟೇ ಇದ್ದಿರಬಹುದು. ಛಾವಣಿ ನಾಲ್ಕು ಅಂಗುಲ ಮೇಲೇರಿದರೆ ಅಂಚುಗೋಡೆ, ಯಂತ್ರದ ಕಟ್ಟೆ, ಮಾಳಿಗೆಗೆ ತೆರೆಯುವ ಬಾಗಿಲಿನ ಹೊಸ್ತಿಲು ಎಲ್ಲವೂ ತಗ್ಗಾಗುತ್ತವೆ. ಅಂಚುಪಟ್ಟಿ ಛಾವಣಿಯ ಮಟ್ಟದಿಂದ 8 ಅಂಗುಲ ಮೇಲೆ ನಿಲ್ಲಬೇಕೆಂಬುದು ಈ ವೃತ್ತಿಯ ಒಪ್ಪಿತ ಅಳತೆ. ಆದ್ದರಿಂದ ಯಂತ್ರಗಳನ್ನು ಎತ್ತಿ ಕಟ್ಟೆಗಳನ್ನು ಏರಿಸಬೇಕು, ಅನಿಲ ಮತ್ತು ವಿದ್ಯುತ್ ಸಂಪರ್ಕ ಬದಲಿಸಬೇಕು. ಮೊದಲ ದರಪಟ್ಟಿಯಲ್ಲಿ ಇವು ಇರುವುದಿಲ್ಲ. ‘ಹೆಚ್ಚುವರಿ ಕೆಲಸ’ ಎಂಬ ಹೆಸರಿನಲ್ಲಿ ಅನಂತರ ಬರುತ್ತವೆ.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಹಳೆಯ ಛಾವಣಿಯಿಂದ ಸೋರುತ್ತಿದ್ದ ಶಾಖವು ಮೇಲಿನ ಹಿಮವನ್ನು ತಳದಿಂದ ಕರಗಿಸುತ್ತಿತ್ತು. ಹೊಸ ದಪ್ಪ ನಿರೋಧಕ ಆ ಶಾಖವನ್ನು ತಡೆಯುತ್ತದೆ, ಹಿಮ ಕರಗದೆ ಹೆಚ್ಚು ದಿನ, ಹೆಚ್ಚು ಎತ್ತರಕ್ಕೆ ನಿಲ್ಲುತ್ತದೆ. ಇಂಧನ ಉಳಿಯಿತು, ಆದರೆ ಹಳೆಯ ತೊಲೆಗಳ ಮೇಲೆ ಹಿಂದೆಂದೂ ಇಲ್ಲದ ಭಾರ ಬಂತು. ಪಕ್ಕದಲ್ಲಿ ಎತ್ತರದ ಕಟ್ಟಡ ಎದ್ದಿದ್ದರೆ, ಮೇಲೆ ಹೊಸ ಯಂತ್ರ ಕೂರಿಸಿದ್ದರೆ, ಗಾಳಿ ತಂದ ಹಿಮ ಅದರ ಮಗ್ಗುಲಲ್ಲಿ ದಿಬ್ಬವಾಗಿ ಕೂಡುತ್ತದೆ. ಛಾವಣಿ ಬದಲಿಸುವ ಪ್ರತಿ ಯೋಜನೆಯಲ್ಲಿಯೂ ರಚನಾ ಇಂಜಿನಿಯರರ ಲಿಖಿತ ಅಭಿಪ್ರಾಯ ಪಡೆಯುವುದು ದಂಡದ ಖರ್ಚಲ್ಲ.

ಕರಾರು, ವಾರಂಟಿ, ವಿಮೆ

ಹೆಚ್ಚಿನ ಅಂಟುಗಳು ಸುಮಾರು 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಸರಿಯಾಗಿ ಹಿಡಿಯುವುದಿಲ್ಲ. ಕೆಲಸದ ಕಾಲ ವಸಂತದಿಂದ ಶರತ್ಕಾಲದವರೆಗೆ ಮಾತ್ರ. ಅಕ್ಟೋಬರಿನಲ್ಲಿ ಸೋರಿಕೆ ಕಂಡು ಓಡಾಡುವವನಿಗೆ ಒಳ್ಳೆಯ ಗುತ್ತಿಗೆದಾರನೂ ಸಿಗುವುದಿಲ್ಲ, ಚೌಕಾಸಿಯೂ ನಡೆಯುವುದಿಲ್ಲ. ಬೇಸಿಗೆಯಲ್ಲಿ ತೇವದ ಪರೀಕ್ಷೆ, ಚಳಿಗಾಲದಲ್ಲಿ ಕರಾರು, ಮುಂದಿನ ವಸಂತದಲ್ಲಿ ಕೆಲಸ: ಇದು ಜಾಣರ ಕ್ರಮ.

ತಯಾರಕರು 15, 20, 30 ವರ್ಷಗಳ ವಾರಂಟಿ ಕೊಡುತ್ತಾರೆ. ಅದರ ಅವಧಿಗಿಂತ ಅದರ ಹೊರತುಗಳನ್ನು ಓದಬೇಕು. ಒಳಗಿನ ಸರಕಿನ ನಷ್ಟವನ್ನು ವಾರಂಟಿ ಸಾಮಾನ್ಯವಾಗಿ ತುಂಬಿಕೊಡುವುದಿಲ್ಲ. ತಯಾರಕರ ಒಪ್ಪಿಗೆ ಇಲ್ಲದೆ ಬೇರೆಯವರು, ಉದಾಹರಣೆಗೆ ಹವಾನಿಯಂತ್ರಣದ ಕೆಲಸಗಾರರು, ಹೊದಿಕೆಯಲ್ಲಿ ಒಂದು ತೂತು ಕೊರೆದರೂ ವಾರಂಟಿಗೆ ಧಕ್ಕೆ. ತಯಾರಕರ ಪರಿವೀಕ್ಷಕರು ಬಂದು ನೋಡಿ ವಾರಂಟಿ ಪತ್ರ ಕೈಗೆ ಬರುವವರೆಗೆ ಗುತ್ತಿಗೆದಾರನ ಕೊನೆಯ ಕಂತನ್ನು ತಡೆಹಿಡಿಯುವ ಷರತ್ತು ಕರಾರಿನಲ್ಲಿರಲಿ.

ವಿಮೆಯು ಆಕಸ್ಮಿಕಕ್ಕೆ ಹೊರತು ಸವೆತಕ್ಕಲ್ಲ. ಹಳೆಯ ಛಾವಣಿಗಳಿಗೆ ಹೊಸದರ ಬೆಲೆಯ ಬದಲು ಸವಕಳಿ ಕಳೆದ ಬೆಲೆಯನ್ನಷ್ಟೇ ಕೊಡುವ ಷರತ್ತನ್ನು ವಿಮಾ ಪತ್ರದಲ್ಲಿ ಸೇರಿಸಿರುವುದುಂಟು. ನವೀಕರಣದ ವೇಳೆ ಇದನ್ನು ಗಮನಿಸಬೇಕು. ಬಾಡಿಗೆ ಕರಾರಿನಲ್ಲಿ ತೆರಿಗೆ, ವಿಮೆ, ನಿರ್ವಹಣೆ ಮೂರೂ ಬಾಡಿಗೆದಾರನದೇ ಎಂದಿದ್ದರೂ ಛಾವಣಿಯ ಪೂರ್ಣ ಬದಲಾವಣೆ ನಿರ್ವಹಣೆಯೇ ಅಲ್ಲವೇ ಎಂಬುದು ವ್ಯಾಜ್ಯದ ಮೂಲ. ಅದನ್ನು ಹೆಸರಿಟ್ಟು ಬರೆಯುವುದು ಲೇಸು.

ಲೆಕ್ಕದಲ್ಲಿ ಛಾವಣಿ

ಈಗ ಮುಖ್ಯ ಪ್ರಶ್ನೆ. ಅಮೆರಿಕದ ಫೆಡರಲ್ ಆದಾಯ ತೆರಿಗೆಯಲ್ಲಿ ವಾಸೇತರ ಕಟ್ಟಡದ ಸವಕಳಿ ಅವಧಿ 39 ವರ್ಷ, ಪ್ರತಿವರ್ಷ ಸಮ ಮೊತ್ತ. ಛಾವಣಿಯನ್ನು ಪೂರ್ತಿ ಬದಲಿಸಿದರೆ ಆ ಹೊಸ ಛಾವಣಿಗೂ 39 ವರ್ಷವೇ. ಲೆಕ್ಕದ ಅನುಕೂಲಕ್ಕಾಗಿ ಊಹಿಸಿದ ಅಂಕಿ ತೆಗೆದುಕೊಳ್ಳೋಣ: ಛಾವಣಿಯ ಖರ್ಚು 1,56,000 ಡಾಲರ್, ನಿಜವಾದ ಬಾಳಿಕೆ 20 ವರ್ಷ. ಸವಕಳಿ ವರ್ಷಕ್ಕೆ 4,000 ಡಾಲರ್. ಇಪ್ಪತ್ತು ವರ್ಷ ಕಳೆದು ಛಾವಣಿಯನ್ನು ಕಿತ್ತು ಎಸೆಯುವ ದಿನ ಪುಸ್ತಕದಲ್ಲಿ ಕಳೆದಿರುವುದು 80,000 ಡಾಲರ್ ಮಾತ್ರ. 76,000 ಡಾಲರ್ ಇನ್ನೂ ‘ಆಸ್ತಿ’ಯಾಗಿ ಉಳಿದಿರುತ್ತದೆ. ಮಾಲೀಕನ ಆಸ್ತಿ ಕಸದ ಗುಂಡಿಯಲ್ಲಿ, ಅದರ ಬೆಲೆ ಪುಸ್ತಕದಲ್ಲಿ!

ಇದಕ್ಕೆ ಪರಿಹಾರವಿದೆ. ಕಟ್ಟಡದ ಒಂದು ಭಾಗ ವಿಲೇವಾರಿಯಾಯಿತೆಂದು ಘೋಷಿಸಿ, ಉಳಿದ 76,000 ಡಾಲರನ್ನು ಆ ವರ್ಷವೇ ನಷ್ಟವಾಗಿ ಕಳೆಯುವ ಆಯ್ಕೆಯನ್ನು ನಿಯಮಗಳು ನೀಡುತ್ತವೆ. ಆದರೆ ಛಾವಣಿ ಬದಲಿಸಿದ ವರ್ಷದ ತೆರಿಗೆ ವಿವರಣೆಯನ್ನು ಸಕಾಲದಲ್ಲಿ ಸಲ್ಲಿಸುವಾಗಲೇ ಇದನ್ನು ಆಯ್ದುಕೊಳ್ಳಬೇಕು. ಮರೆತರೆ ಇನ್ನೂ 19 ವರ್ಷ, ಇಲ್ಲದ ಛಾವಣಿಗೆ ಸವಕಳಿ ಬರೆಯುತ್ತ ಕೂರಬೇಕಾದೀತು. ಕಟ್ಟಡವನ್ನು ಒಟ್ಟು ಮೊತ್ತಕ್ಕೆ ಕೊಂಡವರು ಛಾವಣಿಯ ಪಾಲು ಎಷ್ಟೆಂದು ಸಮಂಜಸ ವಿಧಾನದಿಂದ ಬೇರ್ಪಡಿಸಿ ತೋರಿಸಬೇಕಾಗುತ್ತದೆ. ಕೊಂಡ ದಿನವೇ ಬೇರ್ಪಡಿಸಿದ್ದರೆ ಈ ಶ್ರಮ ತಪ್ಪುತ್ತಿತ್ತು.

2018ರಿಂದ ಇನ್ನೊಂದು ಸೌಲಭ್ಯ ಬಂದಿದೆ. ಆಂತರಿಕ ಕಂದಾಯ ಸಂಹಿತೆಯ 179ನೇ ಕಲಮಿನಡಿ ವಾಸೇತರ ಕಟ್ಟಡದ ಛಾವಣಿಯ ಖರ್ಚನ್ನು, ಮಿತಿಗೊಳಪಟ್ಟು, ಒಂದೇ ವರ್ಷದಲ್ಲಿ ಕಳೆಯಬಹುದು. ಈ ಮಿತಿ 2018ರಲ್ಲಿ 10 ಲಕ್ಷ ಡಾಲರ್ ಇದ್ದು, 2025ರ ಕಾನೂನಿನಿಂದ ಆ ವರ್ಷಕ್ಕೆ 25 ಲಕ್ಷ ಡಾಲರಿಗೆ ಏರಿತು. ಸಣ್ಣ ಉದ್ಯಮಿಗೆ ಮಿತಿ ಸಾಕಷ್ಟು ದೊಡ್ಡದೇ. ತೊಡಕಿರುವುದು ಬೇರೆಡೆ. ಕಳೆತ ವ್ಯಾಪಾರದ ಆದಾಯವನ್ನು ಮೀರುವಂತಿಲ್ಲ. ಕಟ್ಟಡವನ್ನು ತನ್ನ ವ್ಯಾಪಾರಕ್ಕೆ ಬಳಸದೆ ಕೇವಲ ಬಾಡಿಗೆಗೆ ಕೊಟ್ಟಿರುವ ವ್ಯಕ್ತಿಗಳಿಗೆ ಇದು ಸುಲಭವಾಗಿ ಸಿಗುವುದಿಲ್ಲ. ಒಳಾಂಗಣ ಸುಧಾರಣೆಗಳಿಗೆ ಸಿಗುವ ವಿಶೇಷ ಸವಕಳಿಯೂ ಛಾವಣಿಗೆ ಅನ್ವಯಿಸದು.

ದುರಸ್ತಿಯ ಗೆರೆ ಎಲ್ಲಿ? 2013ರಲ್ಲಿ ಅಂತಿಮಗೊಂಡ ಅಲ್ಲಿನ ನಿಯಮಾವಳಿ ಛಾವಣಿಯನ್ನೇ ಉದಾಹರಣೆಯಾಗಿ ತೆಗೆದುಕೊಂಡು ಗೆರೆ ಎಳೆದಿದೆ. ಸೋರುವ ಹೊದಿಕೆಯ ಹಾಳೆಯನ್ನಷ್ಟೇ ಅದೇ ಬಗೆಯ ಹೊಸ ಹಾಳೆಯಿಂದ ಬದಲಿಸಿದರೆ ಅದು ದುರಸ್ತಿ. ಆ ವರ್ಷವೇ ಪೂರ್ಣ ಕಳೆತ. ತಳದ ಹಲಗೆ, ನಿರೋಧಕ ಸಹಿತ ಇಡೀ ಛಾವಣಿ ಬದಲಿಸಿದರೆ ಅದು ಬಂಡವಾಳ ವೆಚ್ಚ. ಕಟ್ಟಡ ಕೊಳ್ಳುವಾಗಲೇ ಇದ್ದ ದೋಷವನ್ನು ಕೊಂಡ ಮೇಲೆ ಸರಿಪಡಿಸುವುದೂ ಬಂಡವಾಳವೇ. ಆದುದರಿಂದ ಕೊಳ್ಳುವ ಮೊದಲು ತೇವದ ಪರೀಕ್ಷೆ ಮಾಡಿಸಿ ಬೆಲೆಯಲ್ಲಿ ಇಳಿಸಿಕೊಳ್ಳುವುದು ಹೆಚ್ಚು ಲಾಭಕರ.

ತೆರಿಗೆಯ ಲೆಕ್ಕ ಹೇಗಿದ್ದರೂ ನಗದಿನ ಲೆಕ್ಕ ಬೇರೆ. ಮೇಲಿನ ಉದಾಹರಣೆಯಲ್ಲಿ ವರ್ಷಕ್ಕೆ 7,800 ಡಾಲರ್ ತೆಗೆದಿಟ್ಟರೆ, ಬಡ್ಡಿ ಮತ್ತು ಬೆಲೆಯೇರಿಕೆ ಎಣಿಸದಿದ್ದಲ್ಲಿ, ಇಪ್ಪತ್ತು ವರ್ಷಕ್ಕೆ ಛಾವಣಿಯ ಹಣ ಕೂಡುತ್ತದೆ. ಸವಕಳಿಯನ್ನೇ ಅಳತೆಯಾಗಿ ಹಿಡಿದು 4,000 ತೆಗೆದಿಟ್ಟವನಿಗೆ ಅರ್ಧ ಮಾತ್ರ ಕೈಯಲ್ಲಿರುತ್ತದೆ.

ನಮ್ಮಲ್ಲಿ ಇದೇ ಪ್ರಶ್ನೆ

ಹಿಮವಿಲ್ಲದಿದ್ದರೂ ಹಳೆಯ ತಾರಸಿ, ಕಾರ್ಖಾನೆಯ ಶೀಟು ಬದಲಿಸುವ ಸದಸ್ಯರಿಗೆ ಇಲ್ಲಿಯೂ ಇದೇ ಗೆರೆ ಅಡ್ಡ ಬರುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ 30ನೇ ಕಲಂ ಕಟ್ಟಡದ ಮಾಲೀಕನಿಗೆ ‘ಚಾಲ್ತಿ ದುರಸ್ತಿ’ಯನ್ನು, ದುರಸ್ತಿಯ ಹೊಣೆ ಹೊತ್ತ ಬಾಡಿಗೆದಾರನಿಗೆ ‘ದುರಸ್ತಿ’ಯನ್ನು ಕಳೆಯಲು ಅವಕಾಶ ಕೊಟ್ಟಿತು, ಎರಡರಲ್ಲಿಯೂ ಬಂಡವಾಳ ಸ್ವರೂಪದ ವೆಚ್ಚ ಸೇರದೆಂದು 2003ರ ಹಣಕಾಸು ಕಾಯ್ದೆ ಸ್ಪಷ್ಟಪಡಿಸಿತು. ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ 1997ರಲ್ಲಿ ಸರ್ವೋಚ್ಚ ನ್ಯಾಯಾಲಯವು ಚಿತ್ರಮಂದಿರವೊಂದರ ಸಮಗ್ರ ನವೀಕರಣವನ್ನು ಚಾಲ್ತಿ ದುರಸ್ತಿಯೆಂದು ಒಪ್ಪಲಿಲ್ಲ. ಇರುವ ಆಸ್ತಿಯನ್ನು ಕಾಪಾಡಿಕೊಳ್ಳುವ ಖರ್ಚೋ, ಹೊಸ ಅನುಕೂಲವನ್ನು ತರುವ ಖರ್ಚೋ ಎಂಬುದೇ ಪರೀಕ್ಷೆ. 2026ರ ಏಪ್ರಿಲ್ 1 ಜಾರಿಯ ದಿನವಾಗಿರುವ 2025ರ ಹೊಸ ಕಾಯ್ದೆಯ ಕಲಂ ಸಂಖ್ಯೆಗಳು ಬೇರೆಯಾದರೂ ಈ ಪರೀಕ್ಷೆ ಉಪಯುಕ್ತವಾಗಿಯೇ ಉಳಿಯುತ್ತದೆ.

ಅಮೆರಿಕದಂತೆ ಹಳೆಯ ಛಾವಣಿಯ ಉಳಿಕೆ ಬೆಲೆಯನ್ನು ತೆರಿಗೆಯಲ್ಲಿ ಪ್ರತ್ಯೇಕವಾಗಿ ಕಳೆಯುವ ಆಯ್ಕೆ ನಮ್ಮ ಆಸ್ತಿ ಸಮೂಹ ಪದ್ಧತಿಯಲ್ಲಿಲ್ಲ. ಅದು ಸಮೂಹದಲ್ಲಿಯೇ ಉಳಿದು ಶೇಕಡ 10ರಂತೆ ಸವೆಯುತ್ತದೆ. ಆದರೆ ಕಂಪನಿಗಳ ಲೆಕ್ಕಪತ್ರದಲ್ಲಿ ಪರಿಷ್ಕೃತ ಎಎಸ್-10ರ ಪ್ರಕಾರ ಬದಲಿಸಿದ ಭಾಗದ ಉಳಿಕೆ ಬೆಲೆಯನ್ನು ತೆಗೆದುಹಾಕಲೇಬೇಕು. ಜಿಎಸ್‌ಟಿಯಲ್ಲಿ ಪರಿಣಾಮ ಇನ್ನೂ ತಕ್ಷಣದ್ದು. 17(5)ನೇ ಕಲಮಿನಡಿ ಸ್ಥಿರಾಸ್ತಿಯ ನವೀಕರಣ ಅಥವಾ ದುರಸ್ತಿಯ ಖರ್ಚನ್ನು ಎಷ್ಟರ ಮಟ್ಟಿಗೆ ಬಂಡವಾಳವಾಗಿ ಬರೆಯಲಾಗಿದೆಯೋ ಅಷ್ಟರ ಮಟ್ಟಿಗೆ ಹೂಡುವಳಿ ತೆರಿಗೆ ಜಮೆ ಸಿಗುವುದಿಲ್ಲ. ರಾಜಸ್ವ ವೆಚ್ಚವಾಗಿ ಬರೆದ ದುರಸ್ತಿಗೆ ಈ ತಡೆಯಿಲ್ಲ. ಒಂದೇ ಗುತ್ತಿಗೆಯಲ್ಲಿ ತಾರಸಿಯ ಬಿರುಕು ತುಂಬುವ ಕೆಲಸವೂ ಹೊಸ ಶೆಡ್ಡಿನ ಕೆಲಸವೂ ಸೇರಿದ್ದರೆ, ಕೆಲಸದ ಆದೇಶದಲ್ಲಿಯೂ ಬಿಲ್ಲಿನಲ್ಲಿಯೂ ಎರಡರ ಅಳತೆ ಮತ್ತು ದರವನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳಬೇಕು. ಒಟ್ಟು ಮೊತ್ತದ ಒಂದೇ ಬಿಲ್ಲು ಬಂದ ಮೇಲೆ ವಿಂಗಡಿಸಿ ತೋರಿಸಲು ಹೊರಟರೆ ತೆರಿಗೆ ಅಧಿಕಾರಿ ಅದನ್ನು ಒಪ್ಪುವ ಸಂಭವ ಕಡಿಮೆ.